ಗೇಣಿಯ ಮೂರನೇ ಜೀವ

ಡಿಸೆಂಬರ್ 29, 1739

ಕರ್ತನ ಭೋಜನಕ್ಕೆ ಮೊದಲು ಪ್ರತಿಯೊಬ್ಬರೂ ತಮ್ಮ ಮನಸ್ಸನ್ನು ತಾವೇ ತಡಕಿ ನೋಡಿಕೊಳ್ಳಬೇಕು, ಬರೆಯಬಲ್ಲವರು ಬರೆದಿಡಬೇಕು ಎಂದು ಪಾದ್ರಿಗಳು ಹೇಳಿದ್ದರು. ತಡಕಿ ನೋಡಿದೆ. ಸಿಟ್ಟು ಬಿಟ್ಟರೆ ಬೇರೇನೂ ಕೈಗೆ ಸಿಗಲಿಲ್ಲ. ಇರಲಿ, ಅದನ್ನೇ ಬರೆಯುತ್ತೇನೆ.

ಬೆಳಿಗ್ಗೆ ಬ್ಯಾಲಿಮಿನಾ ಸಂತೆಯ ನಾರುಬಟ್ಟೆ ವ್ಯಾಪಾರಿ ಬಂದು, ಪೆನ್ಸಿಲ್ವೇನಿಯಾದ ಹಡಗಿನವರಿಂದ ಕೇಳಿದ ಸುದ್ದಿ ಹೇಳಿದ. ನನ್ನ ಗಂಡ ಗ್ಯಾವಿನ್‌ನ ಅಣ್ಣ ಆರ್ಚಿಬಾಲ್ಡ್ ಹೋದ ಬೇಸಿಗೆಯಲ್ಲೇ ಅಲ್ಲಿ ತೀರಿಕೊಂಡನಂತೆ. ಗ್ಯಾವಿನ್ ಮಗ್ಗದ ಮುಂದೆ ಕೂತಲ್ಲೇ ಕಲ್ಲಾದ. ಆಮೇಲೆ ಅತ್ತ. ಅಣ್ಣನಿಗಾಗಿಯೇ ಅತ್ತ, ಅದರಲ್ಲಿ ಸುಳ್ಳಿಲ್ಲ. ಆದರೆ ಅಳು ಮುಗಿದ ಮೇಲೆ ಅವನ ಬಾಯಿಂದ ಬಂದ ಮೊದಲ ಮಾತು, "ಗ್ರಿಜಲ್ ಅಜ್ಜಿ ಹೇಗಿದಾಳಂತೆ?"

ನಮ್ಮ ಹೊಲ ಮೂರು ಜೀವದ ಗೇಣಿಯದು. ಗೇಣಿ ಬರೆಸುವ ದಿನ ಮೂವರ ಹೆಸರು ಹೇಳಬೇಕು. ಆ ಮೂವರಲ್ಲಿ ಒಬ್ಬರಾದರೂ ಉಸಿರಾಡುತ್ತಿರುವ ತನಕ ಹೊಲ ನಮ್ಮದು, ಕೊನೆಯವರ ಉಸಿರು ನಿಂತ ದಿನ ಜಮೀನುದಾರನದು. ಗ್ಯಾವಿನ್‌ನ ತಾತ ಹೇಳಿದ ಮೂರು ಹೆಸರಲ್ಲಿ ಮಾವ ಸತ್ತು ಬಹಳ ಕಾಲವಾಯಿತು. ಈಗ ಆರ್ಚಿಬಾಲ್ಡ್ ಹೋದ. ಉಳಿದಿರುವುದು ಮೂರನೆಯದು, ಗ್ರಿಜಲ್ ಮೆಕ್‌ಕಿಬಿನ್, ನಮ್ಮೂರ ಸೂಲಗಿತ್ತಿ. ನಮಗೆ ರಕ್ತಸಂಬಂಧವೂ ಅಲ್ಲ, ನೆಂಟಸ್ತಿಕೆಯೂ ಇಲ್ಲ. ಅರವತ್ತು ದಾಟಿದ ಆ ಮುದುಕಿ ಮಂಜಿರಲಿ ಗಾಳಿಯಿರಲಿ ಯಾರು ಕರೆದರೆ ಅವರ ಹಿಂದೆ ಗುಡ್ಡ ಹತ್ತಿ ಇಳಿಯುತ್ತಾಳೆ. ಅವಳು ಕಾಲು ಜಾರಿದರೆ ನಮ್ಮ ಮನೆ, ಮಗ್ಗ, ಅಗಸೆ ಹೊಲ ಎಲ್ಲ ಜಾರಿದಂತೆ.

ಒಂದೆರಡು ದಿನದಲ್ಲೇ ಗ್ಯಾವಿನ್ ಗಾಡಿ ಕಟ್ಟಿ ಅವಳನ್ನು ಮನೆಗೆ ಕರೆತರುತ್ತಾನಂತೆ. ನಾನು ಬೇಡ ಎನ್ನಲಿಲ್ಲ. ಆದರೆ ಅವಳು ಹೊಸಿಲು ದಾಟಿ ಬರುವುದನ್ನು ನಾನು ಈ ಮೊದಲು ಎರಡು ಸಲ ನೋಡಿದ್ದೇನೆ. ಎರಡು ಸಲವೂ ತೊಟ್ಟಿಲು ಖಾಲಿಯೇ ಉಳಿಯಿತು. ಊರಿನ ಮಕ್ಕಳೆಲ್ಲ ಅವಳ ಕೈಯಲ್ಲಿ ಬದುಕಿದವು. ನನ್ನವಕ್ಕೆ ಮಾತ್ರ ಆ ಕೈಗುಣ ಇರಲಿಲ್ಲ.

ಜನವರಿ 1

ಮುದುಕಿ ಬಂದಳು. ತಂದದ್ದು ಒಂದು ಮೋಟು ಪೀಠ, ಒಂದು ಚೀಲ, ಕಾಲಲ್ಲಿ ಗಂಡಸರ ಬೂಟು. ಬಂದವಳೇ ಒಲೆಯ ಪಕ್ಕದ ನನ್ನ ಕುರ್ಚಿ ನೋಡಿದಳು, ನನ್ನ ಮುಖ ನೋಡಿದಳು.

"ಇದು ನಿನ್ ಕುರ್ಚಿ ಅಲ್ವೇನೆ ಎಲ್ಸ್‌ಪೆತ್?"

"ಕೂತ್ಕೊಳ್ಳಿ. ನಿಮಗೆ ಅಂತಾನೇ ಇಟ್ಟಿದೀವಿ."

"ನನಗೆ ಅಂತ ಅಲ್ಲ, ನಿಮ್ ಗೇಣಿಗೆ ಅಂತ," ಎಂದು ಹೇಳಿ ತನ್ನ ಮೋಟು ಪೀಠದ ಮೇಲೆಯೇ ಕೂತಳು.

ಮೊಂಡು ಎಂದರೆ ಇದಕ್ಕೆ. ಚಳಿ ವಿಪರೀತ. ಮಸಿ ಹೆಪ್ಪುಗಟ್ಟುತ್ತದೆ, ದೌತಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಕರಗಿಸಿ ಬರೆಯುತ್ತಿದ್ದೇನೆ.

ಜನವರಿ 5

ಹಳ್ಳ ಗಾಜಾಗಿ ನಿಂತಿದೆ. ನೀರಿಲ್ಲದೆ ಗಿರಣಿ ತಿರುಗುವುದಿಲ್ಲ, ಊರಿನಲ್ಲಿ ಓಟ್ಸ್ ಇದ್ದವರಿಗೂ ಹಿಟ್ಟಿಲ್ಲ. ಇರುವ ಹಿಟ್ಟಿನಲ್ಲಿ ಮುದುಕಿಗೆ ಗಟ್ಟಿ ಗಂಜಿ, ನಮಗೆ ತೆಳು ಗಂಜಿ. ಹಾಲಿನ ಕೆನೆಯೂ ಅವಳಿಗೇ. ಹಂದಿ ಸಾಕಿದ ಹಾಗೆ ಸಾಕುತ್ತಿದ್ದೇವೆ ಎಂದು ಬರೆಯಹೊರಟೆ, ಪಾಪ ಬಂದೀತೆಂದು ನಿಲ್ಲಿಸಿದೆ. ಈಗ ಬರೆದೇಬಿಟ್ಟೆ.

ಪ್ರಾರ್ಥನಾಮಂದಿರದ ಬಾಗಿಲಲ್ಲಿ ಪಕ್ಕದ ಹೊಲದ ನಿನಿಯನ್ ಓರ್ ಸಿಕ್ಕಿದ. ಬೇಲಿಯ ಆ ಕಡೆಯಿಂದ ನಮ್ಮ ಅಗಸೆ ಹೊಲದ ಮೇಲೆ ಹತ್ತು ವರ್ಷದಿಂದ ಕಣ್ಣಿಟ್ಟು ಕೂತಿರುವ ಮನುಷ್ಯ.

"ಏನಮ್ಮ ಎಲ್ಸ್‌ಪೆತ್, ನಿಮ್ ಗೇಣಿ ಬೆಳಿಗ್ಗೆ ಊಟ ಮಾಡ್ತಾ? ಕೆಮ್ಮು ಗಿಮ್ಮು ಏನಾದ್ರೂ ಇದ್ಯಾ?"

"ನಿಮ್ಮನೇಲಿ ಹೆಂಡ್ತಿ ತುಂಬಿದ ಬಸುರಿ, ಅವಳ ಊಟ ವಿಚಾರಿಸಿ ಸಾಕು," ಎಂದೆ. ಅವನು ನಕ್ಕ. ಆ ನಗುವಿಗೆ ಒಂದು ಕಲ್ಲು ಬೀಳಬೇಕಿತ್ತು. ದೇವರ ಮನೆಯ ಬಾಗಿಲು ಎಂದು ಬಿಟ್ಟೆ.

ಜನವರಿ 8

ಪಾರುಪತ್ಯಗಾರ ಟೆಂಪಲ್ಟನ್ ಕುದುರೆಯೇರಿ ಬಂದಿದ್ದ, ಜಮೀನುದಾರನ ಪರವಾಗಿ ಊರಿನ ಜೀವಗಳನ್ನೆಲ್ಲ ನೋಡಿಕೊಂಡು ಹೋಗಲು. ದನ ಕೊಳ್ಳುವವನ ಹಾಗೆ ಮುದುಕಿಯನ್ನು ಮೇಲಿಂದ ಕೆಳಗೆ ನೋಡಿದ. ಅವಳು ಬಾಯಿ ತೆರೆದು ಹಲ್ಲು ತೋರಿಸಿದಳು. "ಬಾಲ ಇಲ್ಲ ಸ್ವಾಮಿ, ಇದ್ದಿದ್ರೆ ಅದನ್ನೂ ಎತ್ತಿ ತೋರಿಸ್ತಿದ್ದೆ." ಗ್ಯಾವಿನ್ ಗಂಟಲಲ್ಲಿ ಗಂಜಿ ಸಿಕ್ಕಿಕೊಂಡಿತು.

ಟೆಂಪಲ್ಟನ್ ಮುಚ್ಚುಮರೆ ಮಾಡಲಿಲ್ಲ. ಈ ಗೇಣಿ ಬಿದ್ದರೆ ಹೊಲ ನಿನಿಯನ್ ಓರ್‌ಗೆ ಹೋಗುತ್ತದೆ, ಮಾತಾಗಿದೆ. ಅವನ ಹೊಸ ಗೇಣಿಗೆ ಒಂದು ಜೀವ ಲಂಡನ್ನಿನ ಎಳೇ ರಾಜಕುಮಾರನಂತೆ. ಟೆಂಪಲ್ಟನ್ ಈಗ ಎಲ್ಲರಿಗೂ ಅದನ್ನೇ ಹೇಳುತ್ತಿದ್ದಾನಂತೆ, ದೊಡ್ಡವರ ಹೆಸರು ಹಾಕಿಸಿ ಎಂದು.

"ರಾಜಮನೆತನದೋರು ಹುಟ್ಟಿದ್ರೆ ತೋಪು ಹಾರಿಸ್ತಾರೆ, ಸತ್ರೆ ಗಂಟೆ ಹೊಡೀತಾರೆ. ಲೆಕ್ಕ ಸ್ಪಷ್ಟ. ನಿಮ್ಮಂಥೋರ ಜೀವ ಗುಡ್ಡದ ಮೇಲೆ ಯಾವಾಗ ಹೋಯ್ತು, ಯಾರಿಗ್ ಗೊತ್ತಾಗುತ್ತೆ? ಸತ್ತೋರನ್ನ ಮೂರು ವರ್ಷ ಬದುಕಿಸಿಟ್ಟ ಜನ ಇದಾರೆ."

ಅದೂ ನಿಜವೇ. ಎರಡು ವರ್ಷದ ಹಿಂದೆ ರಾಣಿ ತೀರಿಕೊಂಡಾಗ ಜಮೀನುದಾರನ ಮತದವರ ಚರ್ಚಿನ ಗಂಟೆ ಹೊಡೆದದ್ದೇ ಹೊಡೆದದ್ದು, ಹಸು ಹಾಲು ಕೊಡದೆ ಒದ್ದಿತ್ತು. ರಾಣಿಯನ್ನು ಕಂಡವರು ಈ ಜಿಲ್ಲೆಯಲ್ಲಿ ಒಬ್ಬರೂ ಇಲ್ಲ.

ಅವನು ಹೋದ ಮೇಲೆ ನಾನೆಂದೆ, "ಆ ರಾಜಕುಮಾರ ಏಳು ತಿಂಗಳಿಗೇ ಹುಟ್ಟಿದ್ದಂತೆ. ಈ ಚಳಿ ದಾಟಲ್ಲ. ನಿನಿಯನ್‌ಗೆ ತಕ್ಕ ಶಾಸ್ತಿ."

ಮುದುಕಿ ಒಲೆ ಕೆದಕುತ್ತ, "ಹುಟ್ಟಿ ಒಂದೂವರೆ ವರ್ಷ ಆಯ್ತಲ್ಲ? ಅಷ್ಟು ದಾಟಿದ ಏಳು ತಿಂಗಳ ಕೂಸು ನಮ್ಮನ್ನೆಲ್ಲ ಮಣ್ಣು ಮಾಡಿ ಆಮೇಲೆ ಹೋಗುತ್ತೆ. ಮೊಲೆ ಕೊಟ್ಟೋಳು ಯಾರೋ, ಪುಣ್ಯಾತ್ಗಿತ್ತಿ," ಎಂದಳು. ರಾಜನ ಮನೆಯ ಕೂಸಿನ ಬಗ್ಗೆಯೂ ಪಕ್ಕದ ಮನೆಯದರ ಹಾಗೆ ಮಾತಾಡುತ್ತಾಳೆ.

ಜನವರಿ 10

ಅವಳ ಬೂಟು ಅಡಗಿಸಿಟ್ಟೆ. ಹಿಟ್ಟಿನ ಪೆಟ್ಟಿಗೆಯ ತಳದಲ್ಲಿ. ಹೊರಗೆ ಅಂಗಳವೆಲ್ಲ ಕನ್ನಡಿ. ಬೇರೆ ದಾರಿಯಿರಲಿಲ್ಲ.

ಜನವರಿ 13

ಗುಡ್ಡದಾಚೆಯಿಂದ ವ್ಯಾಲೆಸ್ ಎಂಬವನು ಓಡಿ ಬಂದಿದ್ದ. ಹೆಂಡತಿಗೆ ಚೊಚ್ಚಲು, ನೋವು ಶುರುವಾಗಿದೆ, ಅಜ್ಜಿಯನ್ನು ಕಳಿಸಿ ಎಂದ. ಮುದುಕಿ ಒಳಕೋಣೆಯಲ್ಲಿ ಮಲಗಿದ್ದಳು. ನಾನು ಬಾಗಿಲನ್ನು ಅರ್ಧ ಮಾತ್ರ ತೆರೆದು, ಅವಳಿಗೆ ಮೈ ಹುಷಾರಿಲ್ಲ ಎಂದೆ. ಅವನು ಟೋಪಿ ಕೈಯಲ್ಲಿ ಹಿಡಿದುಕೊಂಡು ಸ್ವಲ್ಪ ಹೊತ್ತು ನಿಂತ. ಆಮೇಲೆ ಹೋದ.

ಸುಳ್ಳು ಹೇಳಿದೆ. ಹೊಲಕ್ಕಾಗಿ ಹೇಳಿದೆ.

ಜನವರಿ 15

ವ್ಯಾಲೆಸ್‌ನ ಕೂಸು ಉಳಿಯಲಿಲ್ಲವಂತೆ. ತಾಯಿ ಬದುಕಿದ್ದಾಳೆ. ಮುದುಕಿ ಹೋಗಿದ್ದರೂ ಅದು ಉಳಿಯುತ್ತಿತ್ತೋ ಇಲ್ಲವೋ ಯಾರು ಬಲ್ಲರು. ನನ್ನವು ಉಳಿಯಲಿಲ್ಲವಲ್ಲ.

ಹಾಲು ಕೇಳಿಕೊಂಡು ಬಂದವಳ ಬಾಯಿಂದ ಮುದುಕಿಗೆ ಎಲ್ಲ ತಿಳಿದುಹೋಯಿತು. ಅವಳು ಕೂಗಾಡುತ್ತಾಳೆ ಎಂದುಕೊಂಡಿದ್ದೆ. ಕೂಗಾಡಲಿಲ್ಲ. ನನ್ನನ್ನು ಕರೆದು ಎದುರಿಗೆ ಕೂರಿಸಿಕೊಂಡಳು.

"ನಿಮ್ ಗ್ಯಾವಿನ್‌ನ ತಾತ ನನ್ನನ್ನ ಯಾಕೆ ಆರಿಸಿದ ಗೊತ್ತಾ? ನನಗಾಗ ಹತ್ತು ವರ್ಷ. ಸಿಡುಬು ಬಂದು ನಮ್ಮನೇಲಿ ಎಲ್ಲಾ ಹೋದ್ರು, ನಾನೊಬ್ಳು ಉಳಿದೆ. ಮುಖ ನೋಡು, ಜೇನುಗೂಡು. ನಿಮ್ ತಾತ ನನ್ನ ಕೈ ಹಿಡ್ಕೊಂಡು ವಕೀಲನ ಮುಂದೆ ನಿಲ್ಲಿಸಿ, ಇದನ್ನ ಸಾವು ಒಂದು ಸಲ ಬಾಯಿಗೆ ಹಾಕ್ಕೊಂಡು ಉಗಿದುಬಿಟ್ಟಿದೆ, ಇನ್ನು ಬೇಗ ಮುಟ್ಟಲ್ಲ, ಬರ್ಕೊಳ್ಳಿ ಅಂದ. ಅವತ್ತಿಂದ ಈ ಮನೆಯಿಂದ ನನಗೆ ಮೊಟ್ಟೆ ಬರ್ತಿತ್ತು. ನಿಮ್ ಮೊಟ್ಟೆ ತಿಂದೇ ಬೆಳೆದೆ, ಇಲ್ಲ ಅನ್ನಲ್ಲ. ಆದ್ರೆ ಎಲ್ಸ್‌ಪೆತ್, ನಾನು ನಿಮ್ ಬೇಲಿ ಗೂಟ ಅಲ್ಲ."

"ನಾನೇನ್ ಮಾಡ್ಲಿ? ನೀವು ಬಿದ್ರೆ ನಾವು ಬೀದಿಗ್ ಬೀಳ್ತೀವಿ."

"ಬೀಳ್ತೀರಿ. ಅದೂ ನಿಜವೇ." ಅದನ್ನು ಕೊಂಕಿಲ್ಲದೆ ಹೇಳಿದಳು. "ಬೂಟು ಎಲ್ಲಿ ಅಂತ ನಾನು ಕೇಳಲ್ಲ. ಹುಡುಕೋದೂ ಇಲ್ಲ. ಇಟ್ಟೋಳೇ ತಂದ್ಕೊಡ್ಬೇಕು."

ಇವತ್ತಿನ ಕೆನೆಯನ್ನು ಅವಳು ಮುಟ್ಟಲಿಲ್ಲ. ಊರಿಗೆ ಉಪಕಾರಿ, ಮನೆಗೆ ಮಾರಿ ಎಂದು ಗ್ಯಾವಿನ್ ಗೊಣಗಿದ. ನಾನು ಹೂಂ ಎಂದೆ.

ಜನವರಿ 16

ಹೊಲದಲ್ಲಿ ಹೂತಿಟ್ಟ ಆಲೂಗಡ್ಡೆಯೆಲ್ಲ ಹೆಪ್ಪುಗಟ್ಟಿ ಕಪ್ಪಾಗಿದೆ. ಒಳಗೆ ನೀರು.

ಜನವರಿ 19

ಇಬ್ಬರೂ ಒಲೆಯ ಮುಂದೆ ಅಗಸೆ ನಾರು ನೂಲುತ್ತ ಕೂತಿದ್ದೆವು. ಎಷ್ಟು ದಿನ ಅಂತ ಮುಖ ಗಂಟು ಹಾಕಿಕೊಂಡಿರುವುದು. ನಿನಿಯನ್ ಓರ್‌ನನ್ನು ಭೂಮಿಗೆ ತಂದದ್ದೂ ನೀವೇನಾ ಎಂದು ಕೇಳಿದೆ.

"ಮತ್ತೆ? ನಾನು ಕೈಯಿಟ್ಟ ಮೊದಮೊದಲ ಹೆರಿಗೆ ಅದು. ಕಾಲು ಮುಂದಾಗಿ ಬಂದ. ನೀಲಿಗಟ್ಟಿದ್ದ. ಹಿಡಿದು ಬೆನ್ನಿಗೆ ಬಾರಿಸಿದೆ ನೋಡು, ಕಿರುಚ್ಕೊಂಡ. ಇವತ್ತಿಗೂ ನಿಲ್ಲಿಸಿಲ್ಲ."

"ಅವತ್ತು ಒಂಚೂರು ಮೆಲ್ಲಗೆ ಹೊಡೆದಿದ್ರೆ ನಮಗೆ ಈ ಕಾಟ ಇರ್ತಿರ್ಲಿಲ್ಲ."

ಅವಳಿಗೆ ನಗು ಬಂತು. ನನಗೂ. ಆರ್ಚಿಬಾಲ್ಡ್ ಸುದ್ದಿ ಬಂದಾಗಿನಿಂದ ಈ ಮನೆಯಲ್ಲಿ ಯಾರೂ ನಕ್ಕಿರಲಿಲ್ಲ.

ಆಮೇಲೆ ಒಬ್ಬೊಬ್ಬರದೂ ಹೇಳುತ್ತ ಹೋದಳು. ನಮ್ಮೂರು ಡ್ರಮ್‌ವಾರಿಯಲ್ಲಿ ಯಾರು ಹೊಕ್ಕುಳಬಳ್ಳಿ ಕೊರಳಿಗೆ ಸುತ್ತಿಕೊಂಡು ಬಂದರು, ಯಾರು ಸೀನುತ್ತ ಬಂದರು, ಈಗ ಪೀಠದಲ್ಲಿ ನಿಂತು ನಮ್ಮನ್ನೆಲ್ಲ ಗದರಿಸುವ ಪಾದ್ರಿಗಳು ಹುಟ್ಟಿದ ಕೂಡಲೇ ಅವಳ ಮಡಿಲಲ್ಲಿ ಏನು ಮಾಡಿದರು. ಸತ್ತವರದ್ದನ್ನೂ ಅಷ್ಟೇ ಸಲೀಸಾಗಿ ಹೇಳುತ್ತಾಳೆ. ಹೆರಿಸಿದವಳೇ ಮುಂದೆ ಎಷ್ಟೋ ಜನರ ಕಣ್ಣು ಮುಚ್ಚಿಸಿದ್ದಾಳೆ.

ನೂಲು ಸುತ್ತುತ್ತ, ನನ್ನ ಕಡೆ ನೋಡದೆ ಅಂದಳು, "ನಿನ್ನ ಎರಡನೇದು ಬಲಗೈ ಮುಷ್ಟಿ ಹಿಡ್ಕೊಂಡೇ ಹುಟ್ಟಿತ್ತು. ಬಿಡಿಸಿ ನೋಡಿದೆ. ಅಂಗೈ ಥೇಟ್ ನಿಂದೇ. ಮೊದಲನೇದಕ್ಕೆ ತಲೆ ತುಂಬಾ ಕೂದಲು. ನೀನು ಜ್ವರದಲ್ಲಿದ್ದೆ, ನೋಡ್ಲಿಲ್ಲ. ಯಾವತ್ತಾದ್ರೂ ಕೇಳ್ತೀಯೇನೋ ಅಂತ ನೆನಪಲ್ಲಿಟ್ಕೊಂಡಿದ್ದೆ."

ನಾನು ಯಾವತ್ತೂ ಕೇಳಿರಲಿಲ್ಲ. ನನ್ನ ಮಕ್ಕಳನ್ನು ನೆನಪಿಟ್ಟುಕೊಂಡವರು ಭೂಮಿಯ ಮೇಲೆ ಇನ್ನೊಬ್ಬರಿದ್ದಾರೆ ಎಂದು ನನಗೆ ಗೊತ್ತಿರಲಿಲ್ಲ. ಇವತ್ತು ಹೊಗೆ ಜಾಸ್ತಿ, ಕಣ್ಣು ಉರಿ.

ಜನವರಿ 21

ಅಜ್ಜಿಗೆ ಕೆನೆ ಬೇಡವಂತೆ, ಮೂವರೂ ಒಂದೇ ಗಂಜಿ ಕುಡಿಯೋಣ ಎಂದಳು. ಕುಡಿದೆವು.

ಜನವರಿ 24

ನಿನ್ನೆ ನಡೆದದ್ದನ್ನು ಇವತ್ತು ಬರೆಯುತ್ತಿದ್ದೇನೆ.

ಬೆಳಗಿನ ಗಂಜಿ ಆಗಿತ್ತು. ಬಾಗಿಲು ಬಡಿದದ್ದು ಕೇಳಿ ತೆರೆದರೆ ನಿನಿಯನ್ ಓರ್. ಗಡ್ಡದಲ್ಲೆಲ್ಲ ಹಿಮ. ಒಳಗೆ ಬರಲಿಲ್ಲ, ಬಾಗಿಲಿಂದ ದೂರವೇ ನಿಂತ.

"ಮನೇಲಿ ಜ್ವರ ಹೊಕ್ಕಿದೆ," ಅಂದ. "ಮೈಮೇಲೆ ಕೆಂಪು ಚುಕ್ಕೆ ಏಳೋ ಜ್ವರ. ಆಳು ಮೊನ್ನೆ ಸತ್ತ. ಮೇರಿಯನ್‌ಗೆ ಜ್ವರದ ಮೇಲೆ ನಿನ್ನೆಯಿಂದ ನೋವು, ಕೂಸು ಬರ್ತಾ ಇಲ್ಲ. ಕೇಳೋ ಮುಖ ನನಗಿಲ್ಲ, ಎಲ್ಸ್‌ಪೆತ್. ಆದ್ರೂ ಕೇಳ್ತಿದೀನಿ."

ಗ್ಯಾವಿನ್ ನನ್ನ ಹಿಂದಿನಿಂದ ಬಂದ. "ಕೇಳೋ ಮುಖ ಇಲ್ಲ ಅಂತ ಗೊತ್ತಿದ್ಮೇಲೆ ನಡಿ. ಅಜ್ಜಿ ಅಲ್ಲಿಗ್ ಬಂದು ಜ್ವರ ಅಂಟಿಸ್ಕೊಂಡು ಸಾಯ್ಬೇಕು, ನೀನು ನಮ್ ಹೊಲ ಉಳ್ಬೇಕು, ಚೆನ್ನಾಗಿದೆ ಕಣಯ್ಯ ಲೆಕ್ಕ."

"ಹೊಲ ಸುಟ್ಟುಹೋಗ್ಲಿ," ಎಂದ ನಿನಿಯನ್.

ಅಜ್ಜಿ ಒಲೆಯ ಬಳಿ ತನ್ನ ಪೀಠದ ಮೇಲೆ ಕೂತು ಎಲ್ಲ ಕೇಳುತ್ತಿದ್ದಳು. ಏಳಲಿಲ್ಲ. ಹೋಗುತ್ತೇನೆ ಎನ್ನಲಿಲ್ಲ, ಬೂಟು ಕೊಡು ಎನ್ನಲಿಲ್ಲ. ಕಾಲಲ್ಲಿ ನಾನು ಹೆಣೆದುಕೊಟ್ಟ ಉಣ್ಣೆಯ ಕಾಲುಚೀಲ. ನನ್ನನ್ನು ನೋಡುತ್ತಿದ್ದಳು ಅಷ್ಟೇ.

ಆ ಹೊತ್ತಿನಲ್ಲಿ ನಾನು ಹೊಲ ನೆನೆಯಲಿಲ್ಲ ಎಂದರೆ ಸುಳ್ಳಾಗುತ್ತದೆ. ಹೊಲ ನೆನೆದೆ. ವ್ಯಾಲೆಸ್ ಟೋಪಿ ಹಿಡಿದು ನಿಂತದ್ದೂ ನೆನಪಾಯಿತು. ಹಿಟ್ಟಿನ ಪೆಟ್ಟಿಗೆಗೆ ತೋಳು ಇಳಿಸಿ ಬೂಟು ತೆಗೆದೆ. ಹಿಟ್ಟು ಕೊಡವಿದೆ.

"ಎಲ್ಸಿ, ತಲೆ ಕೆಟ್ಟಿದ್ಯಾ ನಿನಗೆ?" ಎಂದ ಗ್ಯಾವಿನ್.

ನಾನು ಮಂಡಿಯೂರಿ ಅವಳ ಕಾಲಿಗೆ ಬೂಟು ತೊಡಿಸಿದೆ. "ಅಜ್ಜಿ, ನಿನ್ ಕಾಲಿಗೆ ಮಂಜು ಜಾರುತ್ತೆ. ನನ್ ತೋಳು ಹಿಡ್ಕೋ. ನಾನೂ ಬರ್ತೀನಿ."

"ಚೀಲ ನೀನ್ ಹಿಡ್ಕೋ ಹಾಗಾದ್ರೆ," ಎಂದಳು.

ನನ್ನ ಎರಡು ಹೆರಿಗೆಯಲ್ಲೂ ನನಗೆ ಅವಳ ಮುಖ ಕಂಡಿರಲಿಲ್ಲ, ನೋವು ಮಾತ್ರ ಕಂಡಿತ್ತು. ನಿನ್ನೆ ನೋಡಿದೆ. ಆ ಮನೆಯ ವಾಸನೆಗೆ ನಾನು ಮೂಗು ಮುಚ್ಚಿದರೆ ಅವಳು ಅಂಗಿಯ ತೋಳು ಮೇಲಕ್ಕೆ ಮಡಚಿದಳು. ಎಲ್ಲರನ್ನೂ ಹೊರಗೆ ಹಾಕಿ ಕಿಟಕಿ ತೆರೆಸಿದಳು. ಮೇರಿಯನ್ ಅರೆಪ್ರಜ್ಞೆಯಲ್ಲಿದ್ದಳು. ಅಜ್ಜಿ ಅವಳ ಕಿವಿಯ ಬಳಿ ಬಾಯಿಟ್ಟು ಒಂದೇ ಸಮನೆ ಮಾತಾಡಿದಳು, ಅವಳ ತಾಯಿಯ ಹೆರಿಗೆಯ ಕಥೆ. "ನೀನೂ ಹೀಗೇ ಸತಾಯಿಸಿದ್ದೆ ಕಣೆ. ಅಡ್ಡ ಮಲಗಿದ್ದೆ. ನಿಮ್ಮಮ್ಮ ನನ್ನ ಕೈ ಕಚ್ಚಿದ್ಲು, ಇಲ್ನೋಡು ಗುರುತು. ನೀನೂ ಕಚ್ಚು, ಈ ಕೈ ಖಾಲಿ ಇದೆ." ಮಾತು ಬಾಯಲ್ಲಿ, ಕೆಲಸ ಕೈಯಲ್ಲಿ. ಹೊಟ್ಟೆಯ ಮೇಲೆ ಕೈಯಿಟ್ಟು ಕೂಸನ್ನು ಒಳಗಿಂದೊಳಗೇ ಸ್ವಲ್ಪ ಸ್ವಲ್ಪವಾಗಿ ತಿರುಗಿಸಿದಳು. ಅವಳ ಹಣೆಯಿಂದ ಬೆವರು ಸುರಿಯುತ್ತಿತ್ತು, ನಾನು ಒರೆಸುತ್ತಿದ್ದೆ. ಒಮ್ಮೆ ನನ್ನ ಕೈಯನ್ನೂ ಎಳೆದು ಅಲ್ಲಿಟ್ಟಳು. "ಇಲ್ಲಿ. ತಲೆ ಸಿಕ್ತಾ? ಮೆಲ್ಲಗೆ. ಹಿಟ್ಟು ನಾದೋ ಥರ ಅಲ್ಲ, ಮಲಗಿದೋರನ್ನ ಎಬ್ಬಿಸೋ ಥರ."

ಸಿಕ್ಕಿತು. ನನ್ನ ಅಂಗೈ ಕೆಳಗೆ ಅದು ಹೊರಳಿತು.

ಹೊತ್ತು ನೆತ್ತಿಗೆ ಬರುವಾಗ ಹೆಣ್ಣು ಕೂಸು. ಅತ್ತಿತು. ನಾನು ಈ ಜನ್ಮದಲ್ಲಿ ಬಹಳ ಪಾದ್ರಿಗಳ ಉಪದೇಶ ಕೇಳಿದ್ದೇನೆ, ಒಂದು ಸಲ ಬೆಲ್‌ಫಾಸ್ಟಿನಲ್ಲಿ ಅವರ ಮಹಾಮಂಡಳಿಯ ಅಧ್ಯಕ್ಷರನ್ನೂ ಕಂಡಿದ್ದೇನೆ. ಅಜ್ಜಿ ಆ ಕೂಸನ್ನು ಬೆಳಕಿಗೆ ಎತ್ತಿ ಹಿಡಿದಾಗ ನನಗಾದ ಭಯಭಕ್ತಿ ಅಲ್ಲೆಲ್ಲೂ ಆಗಿರಲಿಲ್ಲ. ಇದು ಪಾಪವಾದರೆ ಆಗಲಿ.

ದಾರಿಯಲ್ಲಿ ಅಜ್ಜಿ ಅಂದಳು, "ನಿನ್ ಕೈ ಬೆಚ್ಚಗಿದೆ. ಒಳ್ಳೇದು."

ಜನವರಿ 30

ಗ್ಯಾವಿನ್ ನನ್ನ ಜೊತೆ ಮಾತು ಬಿಟ್ಟಿದ್ದಾನೆ. ಅಜ್ಜಿಯ ಜೊತೆ ಆಡುತ್ತಾನೆ. ಅವಳು ಅವನನ್ನು ಛೇಡಿಸಿ ಛೇಡಿಸಿ ನಗಿಸುತ್ತಾಳೆ. ನನಗೆ ಸಿಕ್ಕುವುದು ಬೆನ್ನು.

ಫೆಬ್ರವರಿ 2

ಬೆಳಿಗ್ಗೆ ಅಜ್ಜಿ ಗಂಜಿ ಬೇಡವೆಂದಳು. ಹಣೆ ಮುಟ್ಟಿದೆ. ಸುಡುತ್ತಿತ್ತು.

ಫೆಬ್ರವರಿ 4

ಚುಕ್ಕೆ ಎದ್ದಿವೆ.

ಫೆಬ್ರವರಿ 7

ಅಜ್ಜಿಗೆ ಈಗ ಎಚ್ಚರ, ಈಗ ಮಂಪರು. ಎಚ್ಚರದಲ್ಲಿ ಮೇರಿಯನ್ ಬಗ್ಗೆ ಕೇಳುತ್ತಾಳೆ. ಅವಳ ಜ್ವರ ಇಳಿದಿದೆ, ಕೂಸು ಮೊಲೆ ಹಿಡಿದಿದೆ ಎಂದು ಹೇಳಿದೆ. ಮಂಪರಿನಲ್ಲಿ ಯಾರು ಯಾರನ್ನೋ "ಇನ್ನೊಂದ್ಸಲ ತಿಣುಕು, ಇನ್ನೊಂದ್ಸಲ" ಎಂದು ಹುರಿದುಂಬಿಸುತ್ತಾಳೆ.

ನಾನು ಪ್ರಾರ್ಥನೆ ಮಾಡಿದೆ. ಮಾಡಿ ಎದ್ದ ಮೇಲೆ, ಹೊಲದ ಮಾತು ಅದರಲ್ಲಿ ಬರಲೇ ಇಲ್ಲ ಎಂದು ನೆನಪಾಯಿತು. ಮತ್ತೆ ಮಂಡಿಯೂರಿ ಅದನ್ನೂ ಸೇರಿಸಿದೆ.

ಫೆಬ್ರವರಿ 9

ಮಧ್ಯಾಹ್ನ ಹೋದಳು. ಕೊನೆಗೆ ಆಡಿದ್ದು, ಗಂಜಿಗೆ ಉಪ್ಪು ಸಾಲದು ಎಂದು. ನಾನು ಉಪ್ಪು ತಂದೆ. ಅಷ್ಟರಲ್ಲಿ.

ಫೆಬ್ರವರಿ 10

ನಾನೇ ತೊಳೆದು, ನಾನೇ ನೂತ ನಾರಿನ ಬಟ್ಟೆ ಉಡಿಸಿದೆ. ಮುಖದ ತುಂಬ ಸಿಡುಬಿನ ಕಲೆ, ಕೈ ಮಾತ್ರ ಹುಡುಗಿಯದು.

ಸುದ್ದಿ ಯಾರಿಗೂ ಹೇಳಿರಲಿಲ್ಲ, ಆದರೂ ನಿನಿಯನ್ ಬಂದ. ಈ ಸಲ ಒಳಗೇ ಬಂದ. ಅಜ್ಜಿಯನ್ನು ನೋಡಿ ಟೋಪಿ ತೆಗೆದ. ಆಮೇಲೆ ಗ್ಯಾವಿನ್ ಎದುರು ಕೂತ.

"ನಾನೇನೂ ನೋಡಿಲ್ಲ," ಎಂದ. "ನನ್ ಹೆಂಡ್ತಿ ಏನೂ ಕೇಳಿಲ್ಲ. ಊರಲ್ಲಿ ಯಾರೂ ಬಾಯಿ ಬಿಡಲ್ಲ, ಅದು ನನ್ ಜವಾಬ್ದಾರಿ. ನೆಲ ಕಬ್ಬಿಣ ಆಗಿದೆ, ಈಗ ಯಾರೂ ಮಣ್ಣು ಮಾಡೋ ಮಾತು ಕೇಳಲ್ಲ. ನಿಮ್ ಹಿತ್ತಿಲಲ್ಲೇ ಸದ್ದಿಲ್ಲದೆ ಇಟ್ಬಿಡಿ. ಟೆಂಪಲ್ಟನ್ ಬಂದ್ರೆ ಅಜ್ಜಿ ಗುಡ್ಡದಾಚೆ ಹೆರಿಗೆಗ್ ಹೋಗಿದಾಳೆ ಅನ್ನೋಣ. ನಾಳೆ ಬಂದ್ರೂ ಹೆರಿಗೆ, ಮೇ ತಿಂಗಳಲ್ಲಿ ಬಂದ್ರೂ ಹೆರಿಗೆ. ಅವಳು ಯಾವತ್ತು ಮನೇಲಿದ್ಲು? ನಂಬ್ತಾನೆ."

ಹೊಲ ತನ್ನ ಬಾಗಿಲಿಗೆ ಬಂದು ನಿಂತಿರುವಾಗ ಈ ಮಾತು ಹೇಳಿದ. ಈ ಮನುಷ್ಯನಿಗೆ ನಾನು ಎಷ್ಟು ಶಾಪ ಹಾಕಿದ್ದೆ. ಅವನ್ನೆಲ್ಲ ವಾಪಸ್ ತೆಗೆದುಕೊಂಡಿದ್ದೇನೆ.

ಗ್ಯಾವಿನ್ ಮುಖ ಅರಳಿತು. ಎಷ್ಟೋ ದಿನದ ಮೇಲೆ ನನ್ನನ್ನು ನೇರ ನೋಡಿ ಮಾತಾಡಿದ. "ಎಲ್ಸಿ, ಮೂರು ವರ್ಷ ಸಿಗುತ್ತೆ ನಮಗೆ. ಐದೂ ಸಿಗ್ಬಹುದು."

ನನಗೂ ಆಸೆಯಾಯಿತು. ಈ ಒಲೆ ನನ್ನದು. ನನ್ನ ಇಬ್ಬರು ಮಕ್ಕಳು ಇಲ್ಲಿಂದಲೇ ಹೋದದ್ದು. ಅಜ್ಜಿಯ ಕಡೆ ನೋಡಿದೆ. ಹಿತ್ತಿಲಲ್ಲಿ, ಎಲೆಕೋಸಿನ ಪಾತಿಯ ಕೆಳಗೆ, ಹೆಸರಿಲ್ಲದೆ ಇವಳನ್ನು ಇಡಬೇಕು. ಪ್ರತಿ ಬೆಳಿಗ್ಗೆ ಅದರ ಮೇಲೆ ನಡೆದು ನಾನು ಹಸು ಕರೆಯಲು ಹೋಗಬೇಕು.

"ಈ ಊರಲ್ಲಿ ಪ್ರತಿ ಒಬ್ಬರೂ ಹುಟ್ಟಿದ್ದಕ್ಕೆ ಇವಳೇ ಸಾಕ್ಷಿ," ಎಂದೆ. "ಇವಳು ಸತ್ತಿದ್ದಕ್ಕೆ ಒಬ್ಬ ಸಾಕ್ಷಿನೂ ಬೇಡ್ವಾ ಗ್ಯಾವಿನ್? ಬದುಕಿದ್ದಾಗ ಇವಳನ್ನ ಬೇಲಿ ಗೂಟ ಮಾಡಿದ್ವಿ. ಸತ್ ಮೇಲೂ ಮಾಡ್ಲಾ? ನನ್ ಕೈಲಾಗಲ್ಲ."

"ಹಾಗಾದ್ರೆ ಎಲ್ಲಿಗ್ ಹೋಗ್ತೀಯಾ? ಹೇಳು. ಗೇಣಿ ಬಿದ್ದೋರು ಮನೆ ಬಿಡೋದು ಮೇ ಒಂದಕ್ಕೆ. ಅವತ್ತು ಈ ಬಾಗಿಲು ಮುಚ್ಕೊಂಡು ಎಲ್ಲಿಗ್ ಹೋಗೋಣ?"

ಗೊತ್ತಿಲ್ಲ ಎಂದೆ. ಅವನು ಬಾಗಿಲನ್ನು ದಢಾರನೆ ಎಳೆದುಕೊಂಡು ಹೊರಗೆ ಹೋದ. ನಿನಿಯನ್ ಕೂಡ ಹೊರಟ.

ಸಂಜೆಯಾದರೂ ಬರಲಿಲ್ಲವೆಂದು ಹುಡುಕಿಕೊಂಡು ಹೋದೆ. ಗ್ಯಾವಿನ್ ಪ್ರಾರ್ಥನಾಮಂದಿರದ ಹಿಂದಿನ ಸ್ಮಶಾನದಲ್ಲಿದ್ದ. ಚಳಿಗಾಲದ ಒಲೆ ಉರಿಸಲೆಂದು ಒಣಗಿಸಿ ಕೂಡಿಟ್ಟ ನಮ್ಮ ಜೌಗುಮಣ್ಣಿನ ಹೆಂಟೆಗಳನ್ನೆಲ್ಲ ಗಾಡಿಯಲ್ಲಿ ತಂದು, ನೆಲದ ಮೇಲೆ ಆಳುದ್ದಕ್ಕೆ ಹರಡಿ ಬೆಂಕಿ ಹಾಕಿದ್ದ. ಮಣ್ಣು ಕರಗಿದಷ್ಟು ಅಗೆಯುವುದು, ಮತ್ತೆ ಹೆಂಟೆ ಹಾಕುವುದು. ಮುಖವೆಲ್ಲ ಮಸಿ.

"ನನ್ನನ್ನೂ ಅವಳೇ ಹೆರಿಸಿದ್ದು," ಎಂದ. "ಆ ಹಾರೆ ಕೊಡು."

ಫೆಬ್ರವರಿ 12

ನಮ್ಮ ಮಂದಿರಕ್ಕೆ ಗಂಟೆಯಿಲ್ಲ. ಆದರೂ ಎಲ್ಲರಿಗೂ ಗೊತ್ತಾಗಿತ್ತು.

ಗುಡ್ಡದ ಮೂರೂ ಕಡೆಯಿಂದ ಜನ ಇಳಿದು ಬಂದರು. ಹಿಟ್ಟಿಲ್ಲದವರು, ಕೆಮ್ಮುವವರು, ಕೋಲೂರಿದವರು. ವ್ಯಾಲೆಸ್ ಬಂದಿದ್ದ, ಅವನ ಹೆಂಡತಿಯೂ. ಅವಳ ಕಣ್ಣೆದುರು ನಿಲ್ಲಲು ನನಗೆ ಆಗಲಿಲ್ಲ. ಅವಳೇ ಬಂದು ನನ್ನ ಪಕ್ಕ ನಿಂತಳು. ನನಗೆ ತಡೆಯಲಾಗಲಿಲ್ಲ, ಅತ್ತುಬಿಟ್ಟೆ.

ಹೆಂಗಸರು ಹೆಣ ಹೊರುವ ಪದ್ಧತಿ ನಮ್ಮಲ್ಲಿಲ್ಲ. ಪೆಟ್ಟಿಗೆ ಎತ್ತಲು ಗಂಡಸರು ಬಗ್ಗಿದರು. ಮೇರಿಯನ್ ಓರ್, ಇನ್ನೂ ಗೋಡೆ ಹಿಡಿದು ನಡೆಯುವವಳು, ಕೂಸನ್ನು ನಿನಿಯನ್ ಕೈಗೆ ಕೊಟ್ಟು ಮುಂದೆ ಬಂದಳು. "ಮೊದಲ ಹೆಗಲು ನಮ್ದು," ಎಂದಳು. ಗಂಡಸರು ಪಾದ್ರಿಗಳ ಮುಖ ನೋಡಿದರು. ಪಾದ್ರಿಗಳು ಆಕಾಶ ನೋಡಿದರು. ಅವರೂ ಅಜ್ಜಿಯ ಮಡಿಲಿನವರೇ ತಾನೆ. ಹೆಂಗಸರೇ ಹೊತ್ತೆವು. ಮಂಜಿನ ಮೇಲೆ ಒಬ್ಬರ ತೋಳು ಒಬ್ಬರು ಹಿಡಿದು ನಡೆದೆವು, ಯಾರೂ ಜಾರಲಿಲ್ಲ.

ಅಡ್ಡರಸ್ತೆಯಲ್ಲಿ ಟೆಂಪಲ್ಟನ್ ಕುದುರೆ ನಿಲ್ಲಿಸಿಕೊಂಡಿದ್ದ. ಇಷ್ಟು ಜನ ನೋಡಿ ಟೋಪಿ ತೆಗೆದ. ಯಾರೋ ದೊಡ್ಡವರೇ ಇರಬೇಕೆಂದುಕೊಂಡನೇನೋ.

"ಯಾರು ತೀರಿಕೊಂಡಿದ್ದು?" ಎಂದು ಕೇಳಿದ.

ಒಬ್ಬರೂ ಬಾಯಿ ಬಿಡಲಿಲ್ಲ. ನಿನಿಯನ್ ಮಾತು ಉಳಿಸಿಕೊಂಡಿದ್ದ. ಇಡೀ ಡ್ರಮ್‌ವಾರಿ ನಮ್ಮ ಹೊಲಕ್ಕಾಗಿ ತುಟಿ ಬಿಗಿದು ನಿಂತಿತ್ತು. ಗ್ಯಾವಿನ್ ನನ್ನ ಕಡೆ ನೋಡಿ, ಹೇಳು ಎಂಬಂತೆ ತಲೆಯಾಡಿಸಿದ.

"ಗ್ರಿಜಲ್ ಮೆಕ್‌ಕಿಬಿನ್," ಎಂದೆ. ಟೆಂಪಲ್ಟನ್‌ಗೆ ಕೇಳಲಿಲ್ಲವೇನೋ ಎಂದು ಇನ್ನೊಮ್ಮೆ, ಗುಡ್ಡಕ್ಕೆ ಕೇಳುವ ಹಾಗೆ ಹೇಳಿದೆ.

ಫೆಬ್ರವರಿ 15

ಮೇ ಒಂದಕ್ಕೆ ಮನೆ ಬಿಡಬೇಕೆಂದು ಟೆಂಪಲ್ಟನ್ ಹೇಳಿಕಳಿಸಿದ. ಹೊಲ ತನಗೆ ಬಂದರೆ ಮನೆ ಮತ್ತು ಮಗ್ಗದ ಕೋಣೆ ನಮ್ಮ ಹತ್ತಿರವೇ ಇರಲಿ ಎಂದು ನಿನಿಯನ್ ಕೇಳಿದ್ದಾನಂತೆ. ಜಮೀನುದಾರ ಒಪ್ಪುತ್ತಾನೋ ಇಲ್ಲವೋ. ಗ್ಯಾವಿನ್ ಪೆನ್ಸಿಲ್ವೇನಿಯಾ ಎನ್ನುತ್ತಾನೆ, ಮರುದಿನ ಅಲ್ಲ ಎನ್ನುತ್ತಾನೆ. ಹೆಂಟೆಯೆಲ್ಲ ಉರಿದುಹೋಗಿದ್ದರಿಂದ ಒಂದೇ ಕಂಬಳಿಯಲ್ಲಿ ಮಲಗುತ್ತೇವೆ. ಮಾತು ಮತ್ತೆ ಶುರುವಾಗಿದೆ.

ಓರ್ ಮನೆಯ ಕೂಸಿಗೆ ಗ್ರಿಜಲ್ ಎಂದು ಹೆಸರಿಟ್ಟರು. ಅಳುವುದು ಅಪ್ಪನ ಹಾಗೆಯೇ.

ಫೆಬ್ರವರಿ 27

ಹಳ್ಳದ ಮಂಜು ಒಡೆದಿದೆ. ಬೆಳಿಗ್ಗೆಯಿಂದ ನೀರಿನ ಸದ್ದು.

ಯಾರೋ ಗುಡ್ಡದ ಮೇಲಿನ ಗಂಡಸು ಬಾಗಿಲಲ್ಲಿ ನಿಂತಿದ್ದಾನೆ. ಅಜ್ಜಿ ಇಲ್ಲ ಕಣಪ್ಪ ಎಂದೆ. "ಗೊತ್ತು ತಾಯಿ. ಅಜ್ಜಿ ಜೊತೆ ಓರ್ ಮನೆಗೆ ಹೋಗಿದ್ರಂತಲ್ಲ, ಅವರನ್ನ ಕರ್ಕೊಂಡ್ ಬಾ ಅಂದ್ಲು ನನ್ ಹೆಂಡ್ತಿ," ಎಂದ. ನನಗೇನೂ ಬರುವುದಿಲ್ಲ ಎಂದೆ. ಅವನು ಹೋಗಲಿಲ್ಲ.

ಉಳಿದದ್ದನ್ನು ಬಂದು ಬರೆಯುತ್ತೇನೆ. ಅಜ್ಜಿಯ ಬೂಟು ನನಗೆ ದೊಡ್ಡದು. ಮುಂದುಗಡೆ ಅಗಸೆ ನಾರು ತುರುಕಿದ್ದೇನೆ, ಈಗ ಸರಿಯಾಗಿದೆ.